ದೇವರಿಗೆ ಬಿಟ್ಟ ಪಾರ್ಕು

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು ಮೈಸೂರು ರಸ್ತೆಯ ಆ ದೊಡ್ಡ ಪಾರ್ಕನ್ನು ಇನ್ನೂ ನೋಡಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆಫೀಸಿನವರೆಲ್ಲ ಸೇರಿ ಹೊರಟ ವರ್ಷ ನನಗೆ ಜ್ವರ ಬಂತು. ನಾದಿನಿಯ ಮಕ್ಕಳು ಕರೆದ ವರ್ಷ ಸೊಂಟ ಹಿಡಿಯಿತು. ಮೂರನೆಯ ಸಲ ನೆಪ ಹುಡುಕುವುದೇ ಬೇಜಾರಾಗಿ ನಾನು ಬರಲ್ಲ ಎಂದುಬಿಟ್ಟೆ. ಆ ಪಾರ್ಕಿನ ಮೇಲೆ ನಿನಗೇನು ಹಳೇ ದ್ವೇಷ ಎಂದು ನನ್ನ ಗಂಡ ಇವತ್ತಿಗೂ ರೇಗಿಸುತ್ತಾರೆ. ದ್ವೇಷವೂ ಇಲ್ಲ, ಮಣ್ಣೂ ಇಲ್ಲ. ಇದನ್ನು ಹೇಳಬೇಕೆಂದರೆ ಚಾಮರಾಜಪೇಟೆಯ ನಮ್ಮ ಮನೆಯ ವಿಷಯ ಹೇಳಬೇಕು, ನಮ್ಮಜ್ಜಿ ಕಾಶಿಗೆ ಹೋಗಿ ಬಂದದ್ದನ್ನು ಹೇಳಬೇಕು, ನಾನು ಅಣ್ಣನ ಮೇಲೆ ಹೇಳಿದ ಒಂದು ಸುಳ್ಳನ್ನೂ ಹೇಳಬೇಕು. ಕೊನೆಯದನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ನಮ್ಮದು ರೈಲುಡಬ್ಬಿಯಂಥ ಮನೆ. ಬೀದಿ ಬಾಗಿಲಲ್ಲಿ ನಿಂತರೆ ಹಿತ್ತಲಿನ ಒಗೆಯುವ ಕಲ್ಲು ಕಾಣುತ್ತಿತ್ತು. ಮುಂದೆ ಜಗಲಿ, ಅದರ ಹಿಂದೆ ಅಪ್ಪ ಪೇಪರ್ ಓದುವ ಕೋಣೆ, ಅದರ ಹಿಂದೆ ನಡುಮನೆ, ನಡುಮನೆಯ ಮಗ್ಗುಲಿಗೆ ಒಬ್ಬರೇ ನಿಲ್ಲುವಷ್ಟು ಜಾಗದ ದೇವರಮನೆ, ಕೊನೆಗೆ ಅಡುಗೆಮನೆ, ಬಚ್ಚಲು. ಯಾವ ಕೋಣೆಯ ಬಾಗಿಲನ್ನೂ ಹಾಕುವ ಪದ್ಧತಿ ಇರಲಿಲ್ಲ. ಒಬ್ಬರು ಕೆಮ್ಮಿದರೆ ಉಳಿದ ನಾಲ್ಕು ಜನರೂ ಶುಂಠಿ ಕಷಾಯದ ಮಾತೆತ್ತುತ್ತಿದ್ದರು. ಅಪ್ಪ, ಅಮ್ಮ, ಅಪ್ಪನ ತಾಯಿ ಅಜ್ಜಿ, ನನಗಿಂತ ಐದು ವರ್ಷ ದೊಡ್ಡವನಾದ ಅಣ್ಣ ಮುರಳಿ, ನಾನು. ಊಟಕ್ಕೆ ಎಲ್ಲರೂ ನಡುಮನೆಯ ನೆಲದ ಮೇಲೆ ಒಟ್ಟಿಗೆ ಕೂರಬೇಕು. ಜಗಳವೂ ಅಲ್ಲೇ. ಸಾರಿನ ಹೊತ್ತಿಗೆ ಶುರುವಾದ ಜಗಳ ಮಜ್ಜಿಗೆಯ ಹೊತ್ತಿಗೆ ಮುಗಿದಿರಬೇಕು ಎನ್ನುವುದು ಅಮ್ಮನ ಕಾನೂನು. ಗುಟ್ಟು ಇಟ್ಟುಕೊಳ್ಳಲು ಆ ಮನೆಯಲ್ಲಿ ಇದ್ದ ಒಂದೇ ಜಾಗ ದೇವರಮನೆ. ಅಲ್ಲಿ ಕಣ್ಣು ಮುಚ್ಚಿ ನಿಂತವರನ್ನು ಯಾರೂ ಏನು ಬೇಡಿಕೊಂಡೆ ಎಂದು ಕೇಳುತ್ತಿರಲಿಲ್ಲ.

ಅಪ್ಪನಿಗೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಕರಡು ತಿದ್ದುವ ಕೆಲಸ. ದಿನವಿಡೀ ವಧೂವರರ ಹೆಸರುಗಳನ್ನೇ ಓದಿ ಓದಿ ಅವರಿಗೆ ಆ ಭಾಷೆ ಮೈಗೆ ಹತ್ತಿಬಿಟ್ಟಿತ್ತು. ನಾವು ಎಲ್ಲಿಗಾದರೂ ಹೊರಡುವುದಿದ್ದರೆ ಹಾಳಾದ ಪತ್ರಿಕೆಯ ಬೆನ್ನ ಮೇಲೆ, ತಲೆಗೆ ಶ್ರೀಕಾರ ಹಾಕಿ, ಮದುವೆಯ ಒಕ್ಕಣೆಯಲ್ಲೇ ಕಾರ್ಯಕ್ರಮ ಬರೆಯುತ್ತಿದ್ದರು. ಬೆಳಿಗ್ಗೆ ಆರಕ್ಕೆ ಸಲ್ಲುವ ಶುಭ ಲಗ್ನದಲ್ಲಿ ಬಸ್ಸು ಹತ್ತುವುದು, ಸ್ಥಳ ಮೆಜೆಸ್ಟಿಕ್, ಉಪಾಹಾರ ಪುಳಿಯೋಗರೆ, ತಮ್ಮ ಸುಖಾಗಮನವನ್ನು ಬಯಸುವ ನಿಮ್ಮ ಅಪ್ಪ. ಕೆಳಗೆ ಸಣ್ಣಕ್ಷರದಲ್ಲಿ ನನ್ನನ್ನು ಕುರಿತು, ಚಿ. ಸೌ. ಸುಮಿಯ ಹಠಗಳನ್ನು ದಯವಿಟ್ಟು ತರಕೂಡದು. ಬರೆದಾದ ಮೇಲೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಡುತ್ತಿದ್ದರು. ಅರಿಶಿನ ಬಿದ್ದ ಪತ್ರಿಕೆಯನ್ನು ತಿದ್ದುವಂತಿಲ್ಲ. ಅಂಗಡಿಯ ನಿಯಮವೇ ಮನೆಯ ನಿಯಮ.

ಇನ್ನು ಅಜ್ಜಿ. ಅಜ್ಜಿ ಕಾಶಿಗೆ ಹೋಗಿಬಂದವಳು. ಕಾಶಿಗೆ ಹೋದವರು ತಮಗೆ ಪ್ರಾಣವಾದ ಒಂದು ಹಣ್ಣು, ಒಂದು ತರಕಾರಿಯನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆ ಸಾಯುವವರೆಗೂ ಮುಟ್ಟಬಾರದು. ನಮ್ಮಜ್ಜಿ ಹಲಸಿನ ಹಣ್ಣನ್ನೂ ಬದನೆಕಾಯಿಯನ್ನೂ ಬಿಟ್ಟಿದ್ದಳು. ಹಲಸಿನ ಕಾಲದಲ್ಲಿ ನಾವು ತೊಳೆ ಬಿಡಿಸುತ್ತಿದ್ದರೆ ಅಜ್ಜಿ ಎದ್ದು ಜಗಲಿಗೆ ಹೋಗಿ, ಬೀದಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅಷ್ಟು ಇಷ್ಟ ಅವಳಿಗೆ. ಎದುರು ಮನೆಯ ಸಾವಿತ್ರಮ್ಮ ಕಾಶಿಯಲ್ಲಿ ಹಾಗಲಕಾಯಿ ಬಿಟ್ಟು ಬಂದಿದ್ದರು. ಅವರ ಹೆಸರೆತ್ತಿದರೆ ಸಾಕು, ಅಜ್ಜಿಗೆ ಮೈಯೆಲ್ಲ ಉರಿಯುತ್ತಿತ್ತು.

“ಹುಟ್ಟಿದಾಗಿಂದ ಅವಳು ಹಾಗಲಕಾಯಿ ಬಾಯಿಗಿಟ್ಟಿಲ್ಲ ಕಣೇ! ವಿಶ್ವನಾಥನಿಗೇ ಟೋಪಿ ಹಾಕಿ ಬಂದವಳೆ, ಜಾಣೆ!”

“ಮತ್ತೆ ಏನು ಬಿಟ್ರೆ ದೇವರಿಗೆ ಸರಿಹೋಗುತ್ತೆ ಅಜ್ಜಿ?”

“ಬಿಡುವಾಗ ಕರುಳು ಚುರ್ ಅನ್ಬೇಕು. ಆಗ ತಗೋತಾನೆ.”

ನನಗೆ ಒಂಬತ್ತು ನಡೆಯುವಾಗ ಅಮ್ಮ ಆಸ್ಪತ್ರೆ ಸೇರಿದಳು. ಹೊಟ್ಟೆಯ ಆಪರೇಷನ್, ನಾಲ್ಕು ದಿನದಲ್ಲಿ ಬರ್ತೀನಿ ಎಂದು ಹೋದವಳು ಮೂರು ವಾರವಾದರೂ ಬರಲಿಲ್ಲ. ಒಳಗೆ ಕೀವಾಗಿದೆ ಎಂದು ಅಪ್ಪ ಅಜ್ಜಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಬಾಗಿಲು ಹಾಕದ ಮನೆಯಲ್ಲಿ ಇನ್ನೇನಾಗುತ್ತದೆ? ಒಂದು ಬೆಳಿಗ್ಗೆ ಅಪ್ಪ ಆಸ್ಪತ್ರೆಯಿಂದ ಬಂದು, ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತು, ಮಕ್ಕಳಿಬ್ಬರನ್ನೂ ಒಂದ್ಸಲ ಕರ್ಕೊಂಡು ಬನ್ನಿ ಅಂದ್ರು ಡಾಕ್ಟರು ಎಂದರು. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ನಾನು ಸೀದಾ ದೇವರಮನೆಗೆ ಹೋಗಿ ನಿಂತೆ.

ಏನು ಬಿಡಲಿ? ನನ್ನದು ಅಂತ ಇದ್ದದ್ದಾದರೂ ಏನು, ಒಂದು ಕೈ ಮುರಿದ ಬೊಂಬೆ, ಐಸ್‌ಕ್ಯಾಂಡಿ, ಚಕ್ಕುಲಿ. ಅಮ್ಮನಿಗೆ ಬದಲಾಗಿ ಚಕ್ಕುಲಿ ಕೊಡುತ್ತೇನೆ ಎಂದರೆ ದೇವರು ನಗುವುದಿಲ್ಲವೇ ಅನ್ನಿಸಿತು. ಆಗ ಹೊಳೆದದ್ದು ಆ ಪಾರ್ಕು. ಆ ಬೇಸಿಗೆ ರಜಕ್ಕೆ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಮನೆಯಲ್ಲಿ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿರಲಿಲ್ಲ. ಮುರಳಿ ಪೇಪರಿನಿಂದ ಅದರ ಚಿತ್ರ ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದ. ಯಾವ ಜಾರುಬಂಡೆ ಮೊದಲು, ಯಾವುದು ಆಮೇಲೆ ಎಂದು ಬಟ್ಟೆ ತೆಗೆಯುವಾಗಲೆಲ್ಲ ಬೆರಳಿಟ್ಟು ಲೆಕ್ಕ ಹಾಕುತ್ತಿದ್ದ. ನಾನು ಕೈ ಮುಗಿದು, ಪಿಸುದನಿಯಲ್ಲಿ, ಆ ದೊಡ್ಡ ಪಾರ್ಕನ್ನು ಬಿಟ್ಟೆ ಎಂದೆ. ಒಬ್ಬಳದು ಸಾಲದೇನೋ ಎಂಬ ಭಯಕ್ಕೆ, ನಮ್ಮ ಮನೆಯವರೆಲ್ಲರೂ ಬಿಟ್ಟೆವು, ಯಾರೂ ಯಾವತ್ತೂ ಹೋಗಲ್ಲ, ಅಮ್ಮನನ್ನು ಬಿಟ್ಟುಕೊಡು ಎಂದು ಸೇರಿಸಿದೆ. ಸಂಜೆ ಆಸ್ಪತ್ರೆಗೆ ಹೋದಾಗ ಅಮ್ಮ ಕಣ್ಣು ಬಿಟ್ಟು ನನ್ನ ಜಡೆ ಮುಟ್ಟಿ, ಯಾರೇ ಹೆಣೆದದ್ದು ಇಷ್ಟು ಸೊಟ್ಟಗೆ ಎಂದಳು. ಆ ವಾರ ಜ್ವರ ಬಿಟ್ಟಿತು. ಹತ್ತು ದಿನಕ್ಕೆ ಮನೆಗೆ ಬಂದಳು. ದೇವರು ತಗೊಂಡ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಒಂದು ವರ್ಷ ಸಲೀಸಾಗಿ ಕಳೆಯಿತು. ಅಮ್ಮನಿಗೆ ಸುಸ್ತು, ಹೊರಗೆ ಹೋಗುವ ಮಾತೇ ಇರಲಿಲ್ಲ. ಮುರಳಿ ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಅಮ್ಮನೇ ಎತ್ತಿದಳು ಆ ಮಾತನ್ನು. ಹುಳಿ ಬಡಿಸುತ್ತಾ ಇದ್ದಳು.

“ರೀ, ಹೋದ ವರ್ಷ ನನ್ನಿಂದ ಮಕ್ಕಳ ಟೂರು ಹಾಳಾಯ್ತು. ಈ ಸಲ ಹೋಗ್ಲೇಬೇಕು. ನನಗೂ ಆಸ್ಪತ್ರೆ ಗೋಡೆ ಬಿಟ್ಟು ಬೇರೆ ಏನಾದ್ರೂ ನೋಡ್ಬೇಕು ಅನ್ನಿಸಿದೆ.”

“ಅಪ್ಪಣೆ!” ಎಂದರು ಅಪ್ಪ. “ಮೂರು ದಿನದ ಕಾರ್ಯಕ್ರಮ. ಮೊದಲನೇ ದಿನ ದೊಡ್ಡ ಪಾರ್ಕು, ಆಮೇಲೆ ಶ್ರೀರಂಗಪಟ್ಟಣ, ಮೈಸೂರಿನ ಝೂ, ಕೊನೇ ದಿನ ಅಲ್ಲೇ ಇರೋ ನೀರಿನ ಪಾರ್ಕು. ಹೆಂಗೆ?”

ಮುರಳಿ ಕೂತಲ್ಲೇ ಎಗರಿದ. ಆ ದೊಡ್ಡ ಪಾರ್ಕಲ್ಲಿ ನೀರಿಗೆ ಸಮುದ್ರದ ಥರ ಅಲೆ ಬರುತ್ತಂತಮ್ಮ, ನೀನು ಸುಮ್ನೆ ಕೂತ್ರೂ ಸಾಕು, ತಾನೇ ತೂಗುತ್ತಂತೆ ಎಂದ. ಅಮ್ಮ ಹೌದೇನೋ, ಹೌದೇನೋ ಎಂದು ಕಣ್ಣರಳಿಸಿ ಕೇಳಿದಳು. ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಬಾಯಿಬಿಟ್ಟು ಹೇಳುವ ಹಾಗಿಲ್ಲ, ಹರಕೆಯನ್ನು ಆಡಿ ತೋರಿಸಿದರೆ ಫಲ ಹೋಗುತ್ತದೆ ಎಂದು ಅಜ್ಜಿ ಎಷ್ಟೋ ಸಲ ಹೇಳಿದ್ದು ನೆನಪಿತ್ತು. ಹೇಳದಿದ್ದರೆ ಎಲ್ಲರೂ ಹೋಗುತ್ತಾರೆ. ಹೋದರೆ ಅಮ್ಮ ಉಳಿಯುವುದಿಲ್ಲ. ಹತ್ತು ವರ್ಷದ ನನ್ನ ತಲೆಯಲ್ಲಿ ಅದು ಅಷ್ಟು ಸ್ಪಷ್ಟವಾಗಿತ್ತು.

ಆ ವಾರ ನಾನು ಮಾಡದ ನಾಟಕವಿಲ್ಲ. ಎತ್ತರ ಕಂಡರೆ ತಲೆ ತಿರುಗುತ್ತೆ ಎಂದೆ, ನೀನು ಕೆಳಗೇ ಇರು ಎಂದರು. ಹೊಟ್ಟೆನೋವು ಎಂದೆ, ಅಜ್ಜಿ ಓಮದ ನೀರು ಕುಡಿಸಿದಳು. ಝೂನಲ್ಲೇ ಎರಡು ದಿನ ಇರೋಣ, ನನಗೆ ಜಿರಾಫೆ ಅಂದ್ರೆ ಪ್ರಾಣ ಎಂದೆ. ಹೋದ ವರ್ಷ ಅದರ ಹೆಸರು ಹೇಳೋಕೂ ಬರ್ತಿರಲಿಲ್ಲ ನಿಂಗೆ ಎಂದು ಮುರಳಿ ನಕ್ಕ. ಅಪ್ಪ ಅಂಗಡಿಯಿಂದ ಒಳ್ಳೆ ದಪ್ಪ ಕಾಗದದ ಪತ್ರಿಕೆಯನ್ನೇ ತಂದಿದ್ದರು, ಬೆನ್ನ ಮೇಲೆ ಬರೆದೂ ಆಗಿತ್ತು. ರಾತ್ರಿಯೂಟವಾದ ಮೇಲೆ ಅರಿಶಿನ ಹಚ್ಚುವುದು ಎಂದು ಘೋಷಣೆಯಾಯಿತು. ನಾನು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದೆ. ಆಗ ನನ್ನ ಬಾಯಿಂದ ಆ ಮಾತು ಬಂತು. ಮೊದಲೇ ಯೋಚಿಸಿದ್ದೆನೋ ಇಲ್ಲವೋ, ಈಗ ಪ್ರಮಾಣ ಮಾಡಿ ಹೇಳಲಾರೆ.

“ಅಪ್ಪಾ, ಅಣ್ಣ ಆಗ್ಲೇ ಆ ಪಾರ್ಕು ನೋಡ್ಕೊಂಡು ಬಂದಿದಾನೆ.”

“ಯಾವಾಗ?”

“ಪರೀಕ್ಷೆಗೆ ಮುಂಚೆ. ಸ್ಪೆಷಲ್ ಕ್ಲಾಸಿಗೆ ಚಕ್ಕರ್ ಹೊಡೆದು, ಫ್ರೆಂಡ್ಸ್ ಜೊತೆ. ಒಂದಿನ ತಲೆಯೆಲ್ಲ ಒದ್ದೆ ಮಾಡ್ಕೊಂಡು ಬಂದಿದ್ನಲ್ಲ, ಅವತ್ತು.”

ಒದ್ದೆ ತಲೆ ಎಲ್ಲರೂ ನೋಡಿದ್ದರು. ಅಪ್ಪ ಮುರಳಿಯ ಕಡೆ ತಿರುಗಿದರು.

“ಅವತ್ತು ಕ್ಲಾಸಿಗೆ ಹೋಗಿದ್ಯೇನೋ?”

“ಕ್ಲಾಸಿಗೆ ಹೋಗಿಲ್ಲಪ್ಪ. ಮ್ಯಾಚ್ ಇತ್ತು, ಗ್ರೌಂಡಿಗೆ ಹೋದೆ. ಬಿಸಿಲಿಗೆ ನಲ್ಲಿ ಕೆಳಗೆ ತಲೆ ಹಿಡಿದೆ. ಪಾರ್ಕಿಗೆ ಹೋಗಿಲ್ಲ, ದೇವರಾಣೆ ಹೋಗಿಲ್ಲ!”

ನನ್ನ ಗ್ರಹಚಾರಕ್ಕೆ ಅವನು ಅರ್ಧ ತಪ್ಪು ಒಪ್ಪಿಕೊಂಡುಬಿಟ್ಟ. ಚಕ್ಕರ್ ಹೊಡೆದದ್ದು ನಿಜ ಅಂದಮೇಲೆ ಮಿಕ್ಕಿದ್ದು ಸುಳ್ಳು ಎಂದು ಅಪ್ಪ ಹೇಗೆ ನಂಬಿಯಾರು? ದಿನವೂ ಪಾರ್ಕಿನ ಬಗ್ಗೆ ಕಂಡವನ ಹಾಗೆ ಮಾತಾಡುತ್ತಿದ್ದ ಬೇರೆ. ಅಪ್ಪನ ಬಲಗೈ ಎಂಜಲಾಗಿತ್ತು, ಎಡಗೈಯಲ್ಲೇ ಹೊಡೆದರು. ಒಂದಲ್ಲ, ಮೂರು. ಅಪ್ಪ ಯಾರಿಗಾದರೂ ಹೊಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ಬಿಡಿಸಲು ಎದ್ದವಳು ಹೊಲಿಗೆ ಎಳೆದ ಹಾಗಾಗಿ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಅದನ್ನು ಕಂಡು, ಸುಳ್ಳು ಎಂದು ಹೇಳಲು ಬಾಯಿ ತೆರೆದಿದ್ದವಳು ಮುಚ್ಚಿಕೊಂಡೆ. ಹೋಗುವ ಮಾತಾಡಿದ್ದಕ್ಕೇ ಹೀಗೆ, ಹೋದರೆ ಇನ್ನು ಹೇಗೋ ಎಂದುಕೊಂಡೆ.

“ಹೋಗ್ಲಿ ಬಿಡಿ ರೀ,” ಎಂದಳು ಅಮ್ಮ, ಉಸಿರು ಎಳೆದುಕೊಂಡು. “ಹುಡುಗ್ರು. ಎಲ್ಲರೂ ಒಟ್ಟಿಗೆ ಇನ್ನೊಂದ್ಸಲ ನೋಡಿದ್ರಾಯ್ತು.”

“ಕದ್ದು ನೋಡಿದೋನಿಗೆ ಮೆರವಣಿಗೆ ಬೇರೆ ಮಾಡಿಸ್ಬೇಕಾ? ಆ ಪಾರ್ಕು ಇಲ್ಲ. ಮಿಕ್ಕಿದ್ದು ಹಾಗೇ ಇರಲಿ.”

ಅಪ್ಪ ಕೈ ತೊಳೆದು ಬಂದು, ಪತ್ರಿಕೆಯ ಬೆನ್ನ ಮೇಲೆ ಮೊದಲ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಕರಡು ತಿದ್ದುವವರ ಗುರುತನ್ನು ಅಂಚಿಗೆ ಹಾಕಿದರು. ಆಮೇಲೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. ಮಜ್ಜಿಗೆ ಯಾರೂ ಕುಡಿಯಲಿಲ್ಲ. ಮುರಳಿ ಬೀರುವಿನ ಬಾಗಿಲು ತೆಗೆದು, ಅಂಟಿಸಿದ್ದ ಚಿತ್ರವನ್ನು ಉಗುರಿನಿಂದ ಕೆರೆದು ಕಿತ್ತ. ಚಿತ್ರದ ಹಿಂದಿನ ಗೋಂದು ಹೋಗಲಿಲ್ಲ, ಅದನ್ನು ಒದ್ದೆ ಬಟ್ಟೆಯಲ್ಲಿ ಎಷ್ಟೋ ಹೊತ್ತು ಉಜ್ಜಿದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಮುಂದಿನ ಐದು ದಿನವೂ ನನ್ನೊಡನೆ ಮಾತಾಡಲಿಲ್ಲ. ನನಗೆ ಅಯ್ಯೋ ಅನ್ನಿಸಿತು, ನಾಚಿಕೆಯಾಯಿತು, ಅದರ ಜೊತೆಗೆ ಅಮ್ಮ ಉಳಿದಳಲ್ಲ ಎಂಬ ಸಮಾಧಾನವೂ ಆಯಿತು. ಈ ಮೂರೂ ಒಟ್ಟಿಗೆ ಒಂದೇ ಹೊಟ್ಟೆಯಲ್ಲಿ ಇರಬಲ್ಲವು ಎಂದು ನನಗೆ ಗೊತ್ತಾದದ್ದು ಆ ವಾರ.

ಹೊರಟೆವು. ಟೂರು ಎನ್ನುವ ಸಂಭ್ರಮವೇ ಇರಲಿಲ್ಲ. ಅಪ್ಪ ಮುಂದಿನ ಸೀಟಿನಲ್ಲಿ ಬಿಗಿದುಕೊಂಡು ಕೂತಿದ್ದರು, ಮುರಳಿ ಕಡೆಯ ಸೀಟಿನಲ್ಲಿ. ಬೆಂಗಳೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಹೋ ಎಂದು ಒಂದೇ ಕಡೆಯ ಕಿಟಕಿಗೆ ಬಿದ್ದರು. ದೂರದಲ್ಲಿ ಮರಗಳ ಮೇಲೆ ಒಂದು ದೊಡ್ಡ ಚಕ್ರದ ತುದಿ ಕಾಣುತ್ತಿತ್ತು. ನಾನು ಕಿಟಕಿಯಿಂದ ಕಣ್ಣು ತಪ್ಪಿಸಿ ಅಮ್ಮನ ಮುಖವನ್ನೇ ನೋಡಿದೆ, ನೋಡಿದರೂ ಹೋದ ಹಾಗಾದೀತು ಎಂಬ ಭಯ. ಮುರಳಿ ತಲೆ ಬಗ್ಗಿಸಿ ಚಪ್ಪಲಿ ನೋಡುತ್ತಿದ್ದನಂತೆ, ಆಮೇಲೆ ಹೇಳಿದ. ಅಮ್ಮ ಮಾತ್ರ ಕಿಟಕಿಯ ಸರಳು ಹಿಡಿದು, ಎಷ್ಟು ಎತ್ತರ ಇದೆ ನೋಡ್ರೀ ಅಂದಳು. ಅದು ಮರೆಯಾಗುವವರೆಗೂ ಅಮ್ಮ ಕತ್ತು ಹೊರಳಿಸಿ ನೋಡುತ್ತಲೇ ಇದ್ದಳು.

ಶ್ರೀರಂಗಪಟ್ಟಣ, ಝೂ, ಜಿರಾಫೆ ಎಲ್ಲ ಆಯಿತು. ಮೂರನೆಯ ದಿನ ಮೈಸೂರಿನ ನೀರಿನ ಪಾರ್ಕು. ಚಿಕ್ಕದು, ಆದರೂ ಚೆನ್ನಾಗಿತ್ತು. ಅಜ್ಜಿ ಹೊಂಗೆ ಮರದ ಕೆಳಗೆ ಮೊಸರನ್ನದ ಡಬ್ಬಿಗಳನ್ನು ಕಾಯುತ್ತಾ ಕೂತಳು. ಅಪ್ಪ ಸಿಟ್ಟು ಮರೆತು, ಪಂಚೆ ಎತ್ತಿ ಕಟ್ಟಿ, ಮಕ್ಕಳ ಜಾರುಬಂಡೆಯಲ್ಲಿ ಜಾರಿ ಎಲ್ಲರನ್ನೂ ನಗಿಸಿದರು. ಮುರಳಿ ಮಾತ್ರ ಒಂದಕ್ಕೂ ಹತ್ತದೆ ಕಲ್ಲುಬೆಂಚಿನ ಮೇಲೆ ಕೂತಿದ್ದ. ನಾನು ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಐದು ದಿನವಾದ ಮೇಲೆ ಮೊದಲ ಸಲ ಮಾತಾಡಿದ.

“ಯಾಕೆ ಹಂಗೆ ಹೇಳ್ದೆ ಸುಮಿ? ನಾನೇನೇ ಮಾಡಿದ್ದೆ ನಿಂಗೆ? ನಿಜ ಹೇಳು, ಹೊಡೆಯಲ್ಲ.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಡೆಯಲ್ಲ ಎಂದನಲ್ಲ, ಕಟ್ಟೆ ಒಡೆದುಹೋಯಿತು. ಆಸ್ಪತ್ರೆ, ದೇವರಮನೆ, ಬಿಟ್ಟದ್ದು, ಎಲ್ಲರ ಪರವಾಗಿ ಬಿಟ್ಟದ್ದು, ಎಲ್ಲ ಒದರಿದೆ. ಅವನು ಕೂಗಾಡುತ್ತಾನೆ, ಜಡೆ ಹಿಡಿದು ಎಳೆಯುತ್ತಾನೆ ಎಂದುಕೊಂಡಿದ್ದೆ. ಹದಿನೈದು ವರ್ಷದ ಆ ಹುಡುಗನ ಮುಖ ಸುಣ್ಣ ಬಳಿದ ಹಾಗಾಯಿತು.

“ಅಯ್ಯೋ ಪಾಪಿ, ಈಗ ನಂಗೆ ಹೇಳ್ಬಿಟ್ಯಲ್ಲೇ! ಅಮ್ಮ ಎಲ್ಲಿ?”

ಇಬ್ಬರೂ ಎದ್ದು ಓಡಿದೆವು. ಕಾಲು ಜಾರಿ ನಾನೊಮ್ಮೆ ಬಿದ್ದೆ, ಅವನು ಎಳೆದುಕೊಂಡೇ ಓಡಿದ. ಅಮ್ಮ ಮಕ್ಕಳ ಕೊಳದ ಅಂಚಿನಲ್ಲಿ ಸೀರೆಯನ್ನು ಮೀನಖಂಡದವರೆಗೆ ಎತ್ತಿಕೊಂಡು, ನೀರಲ್ಲಿ ಕಾಲಾಡಿಸುತ್ತಾ ಯಾರದೋ ಮಗುವಿನೊಡನೆ ಮಾತಾಡುತ್ತಿದ್ದಳು. ನಮ್ಮನ್ನು ಕಂಡು, ಏನ್ರೋ, ಹುಲಿ ಅಟ್ಟಿಸ್ಕೊಂಡು ಬಂತಾ ಎಂದಳು. ಏನಿಲ್ಲಮ್ಮ ಎಂದು ಮುರಳಿ ಅವಳ ಹಣೆ ಮುಟ್ಟಿ ನೋಡಿದ. ಅಲ್ಲಿಂದ ನನ್ನನ್ನು ಎಳೆದುಕೊಂಡು ಅಜ್ಜಿಯ ಹತ್ತಿರ ಬಂದ. ಬೇರೆ ಯಾರದೋ ವಿಷಯ ಅನ್ನುವ ಹಾಗೆ ಕೇಳಿದ.

“ಅಜ್ಜಿ, ದೇವರಿಗೆ ಬಿಟ್ಟಿದ್ದನ್ನ ಇನ್ನೊಬ್ಬರಿಗೆ ಹೇಳ್ಬಿಟ್ರೆ ಏನಾಗುತ್ತೆ?”

“ಬೇಕೂಂತ ಹೇಳ್ಕೊಂಡು ಮೆರೆದ್ರೆ ತಪ್ಪು. ಅಳು ತಡೀದೆ ಹೇಳಿದ್ರೆ ದೇವರೇನು ಕಟುಕನಾ?”

“ಒಬ್ಬರು ಇನ್ನೊಬ್ಬರದ್ದನ್ನ ಬಿಟ್ರೆ? ಅವರಿಗೆ ಹೇಳ್ದೆ?”

ಅಜ್ಜಿ ಡಬ್ಬಿಯ ಮುಚ್ಚಳ ಒತ್ತುತ್ತಿದ್ದವಳು ನಿಲ್ಲಿಸಿದಳು.

“ಅದು ಬಿಟ್ಟಂಗಲ್ಲಪ್ಪ, ಕಿತ್ಕೊಂಡಂಗೆ. ನನ್ನ ಹಲಸಿನ ಹಣ್ಣು ನಾನು ಬಿಡ್ಬೇಕು. ನಿನ್ನದನ್ನ ನಾನು ಬಿಟ್ರೆ ದೇವರು ಮುಟ್ತಾನಾ? ಅವರವರ ಬಾಯಲ್ಲೇ ಬರ್ಬೇಕು ಅದು.”

ನಿಜಕ್ಕೂ ಆ ಪಾರ್ಕಿನ ಮೇಲೆ ನನಗೆ ಅಂಥ ಆಸೆಯೇ ಇರಲಿಲ್ಲ, ಎತ್ತರ ಕಂಡರೆ ಭಯ ಅಂದದ್ದು ನಾಟಕವಾಗಿರಲಿಲ್ಲ. ನಾನು ಬಿಟ್ಟದ್ದು ಹಾಗಲಕಾಯಿ. ಕರುಳು ಚುರ್ ಅನ್ನಬೇಕಾದದ್ದು ಮುರಳಿಯದು. ಹಾಗಾದರೆ ದೇವರು ಏನೂ ತಗೊಂಡಿಲ್ಲ, ಇನ್ನೂ ಕಾಯುತ್ತಿದ್ದಾನೆ ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಮುರಳಿ ನನ್ನನ್ನು ಮರದ ಆಚೆ ಬದಿಗೆ ಕರೆದುಕೊಂಡು ಹೋದ. ಅಲ್ಲಿಂದ ಚಾಮುಂಡಿಬೆಟ್ಟ ಕಾಣುತ್ತಿತ್ತು. ಬೆಟ್ಟದ ಕಡೆ ತಿರುಗಿ, ಚಪ್ಪಲಿ ಬಿಟ್ಟು, ಕೈ ಜೋಡಿಸಿದ.

“ಆ ದೊಡ್ಡ ಪಾರ್ಕನ್ನ ನಾನು ಬಿಟ್ಟೆ. ಯಾರೂ ಕಿತ್ಕೊಂಡಿಲ್ಲ. ನಾನೇ ಬಿಟ್ಟೆ ತಾಯೀ.”

ಅಷ್ಟು ಹೇಳುವಾಗ ಅವನ ಗಲ್ಲ ನಡುಗುತ್ತಿತ್ತು. ಆಮೇಲೆ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡು, ಸರಿಹೋಯ್ತಲ್ಲ, ಇನ್ನು ಅಳಬೇಡ ಎಂದ. ಅಪ್ಪಂಗೆ ನಿಜ ಹೇಳ್ಬಿಡ್ತೀನಿ ಎಂದೆ ನಾನು. ಬೇಡ, ಅಪ್ಪಂಗೆ ಮಾತ್ರ ಯಾವತ್ತೂ ಹೇಳ್ಕೂಡದು ಎಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿಕೊಂಡ. ನನಗೆ ಏಟು ಬೀಳಬಾರದೆಂದು ಹಾಗೆ ಮಾಡಿದ ಎಂದೇ ನಾನು ತಿಳಿದೆ.

ಅಜ್ಜಿ ಏನೇ ಹೇಳಿದರೂ, ಮನೆಯವರ್ಯಾರೂ ಹೋಗಲ್ಲ ಎಂದು ನಾನು ಕೊಟ್ಟ ಮಾತನ್ನು ಮುರಿದು ನೋಡುವ ಧೈರ್ಯ ನಮಗಿರಲಿಲ್ಲ. ಹೀಗೆ ನಾವಿಬ್ಬರೂ ಆ ಪಾರ್ಕಿಗೆ ಯಾರೂ ಹೋಗದ ಹಾಗೆ ಮನೆಯನ್ನು ಕಾಯುವವರಾದೆವು. ನನ್ನ ಗುಟ್ಟಿನ ಸ್ವಭಾವ, ಯಾವುದನ್ನೂ ಮನಸ್ಸು ಬಿಚ್ಚಿ ಆಸೆಪಡಲಾರದ ಸ್ವಭಾವ, ಸಂತೋಷದ ಸುದ್ದಿ ಬಂದ ಕೂಡಲೇ ಇದಕ್ಕೆ ಏನು ಕೊಡಬೇಕಾಗುತ್ತದೋ ಎಂದು ಸುತ್ತಮುತ್ತ ನೋಡುವ ಸ್ವಭಾವ, ಎಲ್ಲ ಆ ಬೇಸಿಗೆಯಿಂದಲೇ ಬಂದವು. ದೊಡ್ಡವಳಾಗಿ ಸೈನ್ಸ್ ಓದಿದೆ. ಅಮ್ಮನನ್ನು ಉಳಿಸಿದ್ದು ಔಷಧಿ ಎಂದು ಬೇರೆ ಯಾರಿಗಾದರೂ ಆಗಿದ್ದರೆ ಗದರಿಸಿ ಹೇಳುತ್ತಿದ್ದೆ. ನಂಬಿದ್ದೆವಾ ಎಂದು ಕೇಳಿದರೆ ಇಲ್ಲ. ಹೋಗುವ ಧೈರ್ಯವಿತ್ತಾ ಎಂದರೆ ಅದೂ ಇಲ್ಲ. ಮುರಳಿಗೆ ಕೆಲಸ ಸಿಕ್ಕಿತು, ಕಾರು ಬಂತು. ಅಮ್ಮ ಎರಡು ಮೂರು ವರ್ಷಕ್ಕೊಮ್ಮೆಯಾದರೂ, ಒಂದ್ಸಲ ಆ ಪಾರ್ಕಿಗೆ ಹೋಗೋಣ್ವೇನೋ, ಅಲೆ ಬರೋ ನೀರಲ್ಲಿ ಸುಮ್ನೆ ಕೂತಿರ್ತೀನಿ ಎನ್ನುತ್ತಿದ್ದಳು. ಅಲ್ಲಿ ಗಲಾಟೆ ಜಾಸ್ತಿ ಅಮ್ಮ, ನಿಂಗೆ ಆಗಲ್ಲ ಎಂದು ಮುರಳಿ ಮಾತು ತೇಲಿಸುತ್ತಿದ್ದ. ಊಟಿಗೆ ಕರೆದುಕೊಂಡು ಹೋದ, ಕನ್ಯಾಕುಮಾರಿಗೆ ಕರೆದುಕೊಂಡು ಹೋಗಿ ನಿಜವಾದ ಸಮುದ್ರವನ್ನೇ ತೋರಿಸಿದ. ಅಮ್ಮ ಎಲ್ಲವನ್ನೂ ನೋಡಿ ಸಂತೋಷಪಟ್ಟಳು. ವಾಪಸು ಬಂದು ಮತ್ತೆ ಅದನ್ನೇ ಕೇಳಿದಳು.

ಅಪ್ಪ ಮಾತ್ರ ಆ ಏಟನ್ನು ಕಾಲಕ್ರಮೇಣ ತಮಾಷೆ ಮಾಡಿಕೊಂಡರು. ಮದುವೆ, ನಾಮಕರಣ, ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ, ನಮ್ಮ ಮುರಳಿ ಎಸ್ಸೆಸ್ಸೆಲ್ಸಿಯಲ್ಲಿ ಕ್ಲಾಸಿಗೆ ಚಕ್ಕರ್ ಹೊಡೆದು ಪಾರ್ಕಿಗೆ ಹೋಗಿದ್ದ ಆಸಾಮಿ ಎಂದು ಶುರುಮಾಡುತ್ತಿದ್ದರು. ಎಲ್ಲರ ಜೊತೆ ಮುರಳಿಯೂ ನಗುತ್ತಿದ್ದ. ನಾನು ಏನೋ ಕೆಲಸವಿದ್ದ ಹಾಗೆ ಅಡುಗೆಮನೆಗೆ ಹೋಗುತ್ತಿದ್ದೆ. ಪಿಯುಸಿಯಲ್ಲಿ ಅವನು ಕಾಲೇಜಿನ ಟೂರಿಗೆ ಹೋಗಬೇಕೆಂದಾಗ, ನಿನ್ನ ಮಾತು ಹೆಂಗೆ ನಂಬೋದೋ ಎಂದು ಅಪ್ಪ ಕಳಿಸದಿದ್ದದ್ದು ಮಾತ್ರ ಆ ಕತೆಯಲ್ಲಿ ಬರುತ್ತಿರಲಿಲ್ಲ.

ಅಮ್ಮ ಹೋದ ವರ್ಷ ತೀರಿಕೊಂಡಳು. ಅರವತ್ತು ದಾಟಿತ್ತು, ನರಳಲಿಲ್ಲ, ಎಲ್ಲರೂ ಪುಣ್ಯವಂತೆ ಅಂದರು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಡುಮನೆಯಲ್ಲಿ ನಾನೂ ಮುರಳಿಯೂ ಜಮಖಾನ ಮಡಿಸುತ್ತಿದ್ದೆವು. ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಮುರಳಿಯ ಮಗ, ಎಂಟು ವರ್ಷದವನು, ಹದಿಮೂರು ದಿನದಿಂದ ಬಾಯಿ ಮುಚ್ಚಿಕೊಂಡಿದ್ದವನು ಮೆಲ್ಲಗೆ ಬಂದು ಅವನ ಅಂಗಿ ಎಳೆದ. ಈ ರಜಕ್ಕಾದ್ರೂ ಆ ದೊಡ್ಡ ಪಾರ್ಕಿಗೆ ಹೋಗೋಣ್ವಾ ಅಪ್ಪಾ ಎಂದ. ಇಷ್ಟು ವರ್ಷವೂ ಕೇಳಿ, ಬೇಡ ಅನ್ನಿಸಿಕೊಂಡು ಅಭ್ಯಾಸವಾಗಿತ್ತು ಅವನಿಗೆ. ಮುರಳಿ ಜಮಖಾನದ ತುದಿ ಹಿಡಿದುಕೊಂಡೇ ನನ್ನ ಮುಖ ನೋಡಿದ.

“ಹೂಂ ಪುಟ್ಟ,” ಎಂದ. “ಇನ್ನು ಹೋಗ್ಬಹುದು.”

ಅಪ್ಪನಿಗೆ ಅಷ್ಟು ದುಃಖದಲ್ಲೂ ಹಳೇ ಚಾಳಿ. ನಿಮ್ಮಪ್ಪ ಆಗ್ಲೇ ನೋಡಿದಾನೆ ಬಿಡೋ, ಅವನನ್ನೇ ಕೇಳು ಹೆಂಗಿದೆ ಅಂತ ಎಂದರು. ನನ್ನಿಂದ ತಡೆಯಲಾಗಲಿಲ್ಲ. ಅಣ್ಣನ ತಲೆಯ ಮೇಲೆ ಇಟ್ಟ ಆಣೆ ನೆನಪಿತ್ತು, ಆದರೂ ಹೇಳಿದೆ. ಇಲ್ಲಪ್ಪಾ, ಅವನು ನೋಡಿಲ್ಲ, ನಾನು ಸುಳ್ಳು ಹೇಳಿದ್ದೆ. ದೇವರಮನೆಯಲ್ಲಿ ನಿಂತದ್ದರಿಂದ ಹಿಡಿದು ಬೆಟ್ಟದ ಕಡೆ ಕೈ ಮುಗಿದದ್ದರವರೆಗೆ ಎಲ್ಲವನ್ನೂ ಹೇಳಿದೆ. ಅಪ್ಪ ನನ್ನನ್ನಲ್ಲ, ಮುರಳಿಯನ್ನು ಕೇಳಿದರು.

“ನಿಂಗೆ ಮೈಸೂರಲ್ಲೇ ಗೊತ್ತಾಯ್ತಲ್ಲೋ. ಅವತ್ತೇ ಬಂದು ಒಂದು ಮಾತು ಹೇಳೋದಕ್ಕೇನಾಗಿತ್ತು? ಇಷ್ಟು ವರ್ಷ ಅನ್ನಿಸ್ಕೊಂಡೇ ಇದ್ಯಲ್ಲ?”

ಮುರಳಿ ಜಮಖಾನವನ್ನು ಕೆಳಗಿಟ್ಟ.

“ಹೇಳಿದ್ರೆ ನಿಮ್ಗೆ ಪಾಪ ಅನ್ಸಿಬಿಡ್ತಿತ್ತು ಅಪ್ಪಾ. ಮಾರನೇ ದಿನಾನೇ ಎಲ್ಲರನ್ನೂ ಅಲ್ಲಿಗೆ ಕರ್ಕೊಂಡು ಹೋಗ್ಬಿಡ್ತಿದ್ರಿ. ಅಮ್ಮನ್ನೂ.”